ಹರೀಲಾರದ ಸರ

ನಿಧಿ ಎರಡೂ ಕೈಲೆ ಜಗ್ಗಿದ್ಲು. ಸರ ಹರೀಲಿಲ್ಲ. ಪರದೇಶದ ಅಲೆನ್ ಊರಿನ ಸಾಲಿ ನಾಟಕದಾಗ ಹುಡುಗಿ, ಬಿಳೇ ಮಂದಿ ಹಳೇ ಪುರಾಣದಾನ ಫ್ರೇಯಾದೇವಿ ಆಗಿದ್ಲು. ಕೊರಳಾಗ ಬ್ರೀಸಿಂಗಮೆನ್ ಅನ್ನೋ ದೇವಲೋಕದ ಬಂಗಾರದ ಸರ. ಥಾರ್ ದೇವರ ಸುತ್ತಿಗಿ ವಾಪಸ್ ಬರಬೇಕಂದ್ರ ಅದನ್ನ ಕದ್ದ ರಾಕ್ಷಸನ್ನ ಮದುವಿ ಆಗು ಅಂತ ದೇವರೆಲ್ಲಾ ಗಂಟುಬಿದ್ದಾಗ, ದೇವಿ ಬುಸುಗುಟ್ಟಿದ ರಭಸಕ್ಕ ಆ ಸರ ಪಟ್ಟನ ಹರಿದು ಬೀಳಬೇಕು. ಕಥಿನೇ ಹಂಗೈತಿ.

ಮುಂದ ಕುಂತಿದ್ದ ಅಜ್ಜಿ ಗುರವ್ವ ನಾಲಗಿ ಕಚಗೊಂಡ್ಲು. "ಸಡಿಲ ಪೋಣಿಸು ಅಜ್ಜಿ" ಅಂತ ಮೊಮ್ಮಗಳು ಬಡ್ಕೊಂಡಿದ್ಲು. ಹೆಣ್ಮಕ್ಕಳ ಕೊರಳಾನ ಸರ ಹರಿದ್ರ ಅಪಶಕುನ ಅಂತ ಗುರವ್ವ, ಆನಿ ಕಟ್ಟಿದ್ರೂ ಹರೀದಂಥ ಮೀನು ಹಿಡಿಯೋ ದಾರದಾಗ ಪೋಣಿಸಿ ಗಂಟು ಬಿಗಿದಿದ್ಲು. ಕುಂತ ಮಂದಿ ಕಿಸಿಕಿಸಿ ನಗಾಕತ್ತಿದ್ರು.

"ಆಟಾನ ಕೆಡಿಸಿದೆಲ್ಲಬೇ ಯವ್ವಾ!" ಅಂತ ಬಾಜೂಕ ಕುಂತಿದ್ದ ಮಗ ಅಮರ್ ಹಲ್ಲು ಕಡದ.

ಅಷ್ಟರಾಗ ಸುತ್ತಿಗಿ ಕಳಕೊಂಡ ಥಾರ್ ದೇವರಾಗಿದ್ದ ಕೆಂಪುಗೂದಲ ಹುಡುಗ ಸರಕ್ಕ ಕೈ ಚಾಚಿದ. ದೇವಿ ಒಲ್ಲೆ ಅಂದಮ್ಯಾಲೆ ಅದೇ ಸರ ಹಾಕ್ಕೊಂಡು, ಮದುಮಗಳ ವೇಷದಾಗ ಅವನ ರಾಕ್ಷಸನ ಮನಿಗೆ ಹೋಗಬೇಕಿತ್ತು. ನಿಧಿ ಅವನ ಕೈ ನೋಡಿದ್ಲು. ಆಮ್ಯಾಲೆ ಸರಾನ ಮುಷ್ಟ್ಯಾಗ ಹಿಡಕೊಂಡು ಇಂಗ್ಲೀಷಿನ್ಯಾಗ ಒಂದು ಗುಡುಗು ಗುಡುಗಿದ್ಲು ನೋಡ್ರಿ, ದೂರದ ಹೂಸ್ಟನ್ ಶಹರದ ತನಕ ಕೇಳಿರಬೇಕು! ಥಾರ್ ಹಿಂದ ಸರದ. ನಗೂ ಮಂದಿ ಗಪ್ಪಾದ್ರು.

"ಏನಂದ್ಳೋ?" ಅಂದ್ಲು ಗುರವ್ವ.

"ರಾಕ್ಷಸನ್ನೂ ಒಲ್ಲೆ, ಸರಾನೂ ಕೊಡೂದಿಲ್ಲ, ನಿನ್ನ ಸುತ್ತಿಗಿ ನೀನ ಹೋಗಿ ತಂದ್ಕೋ ಅಂದ್ಳಬೇ."

ಗುರವ್ವ ಎದ್ದು ನಿಂತು ಸೆರಗು ಸೊಂಟಕ್ಕ ಸಿಗಿಸಿದ್ಲು. "ಹಂಗನ್ನು ನನ್ನವ್ವಾ! ಬೇಕಾದ್ರ ಇನ್ನೊಂದು ಗಂಟು ಹಾಕಿಕೊಡ್ತೀನಿ!"