ಮುಂತುದಿಯ ಕೂಗು

“ಬಲಕ್ಕೆ! ಮೂರು... ಅಲ್ಲಲ್ಲ, ನಾಲ್ಕು!”

ದೋಣಿಯ ಮುಂತುದಿಯಲ್ಲಿ ಕೂತ ಕ್ರಿಸ್ಪುಲೊ ಕೈ ಚಾಚಿ ಕೂಗಿದ. ಹಿಂದಿನ ಹಲಗೆಗಳ ಮೇಲಿದ್ದ ಎಂಟೂ ಜನ ಬಲಕ್ಕೆ ವಾಲಿದರು. “ವಾವ್!” ಎಂದರು. ಚಪ್ಪಾಳೆ ಬಿತ್ತು. ಚುಕ್ಕಾಣಿ ಹಿಡಿದಿದ್ದ ಅಳಿಯ ನಿಲೋ ನೀರಿನ ಕಡೆ ನೋಡಲಿಲ್ಲ, ಮಾವನ ಮುಖ ನೋಡಿದ. ಮುದುಕ ನಗುತ್ತಿದ್ದ. ಸದ್ಯ, ಇವತ್ತೂ ಬಚಾವಾದೆವು ಅಂದುಕೊಂಡ.

ಕ್ರಿಸ್ಪುಲೊನ ಕಣ್ಣು ಹೋಗಿ ಮೂರು ವರ್ಷವಾಗಿತ್ತು. ಡಾಲ್ಫಿನ್ ಉಸಿರು ಬಿಡುವ ಸದ್ದು ಕೇಳುವಾಗ ಕಣ್ಣು ಯಾವನಿಗೆ ಬೇಕು ಎನ್ನುತ್ತಿದ್ದ. ಪ್ರಾಯದಲ್ಲಿ ಕೊಕ್ಕೆ ಹಿಡಿದು ತಿಮಿಂಗಿಲದ ಬೆನ್ನಿಗೆ ಹಾರಿದವನು. ಮನಿಲಾದಿಂದ ಕಾನೂನು ಬಂದು ಬೇಟೆ ನಿಂತ ಮೇಲೆ ಅದೇ ದೋಣಿಯಲ್ಲಿ ಪ್ರವಾಸಿಗಳನ್ನು ಸುತ್ತಿಸಿದ. ಕಸುಬು ಬದಲಾಯಿತು, ಬೇಟೆಗಾರರ ಕಟ್ಟಳೆ ಬದಲಾಗಲಿಲ್ಲ. ಮುಂತುದಿಯಲ್ಲಿ ಕೂತವನು ಕೂಗಿದರೆ ದೋಣಿಯವರೆಲ್ಲ ನಂಬಬೇಕು. ಎದುರಾಡುವಂತಿಲ್ಲ.

ಹೋದ ಮಳೆಗಾಲದಲ್ಲಿ ದೋಣಿ ದಡದಲ್ಲೇ ಉಳಿದಾಗ ಮುದುಕ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ಹನ್ನೊಂದು ದಿನ ಗಂಜಿ ಮುಟ್ಟಲಿಲ್ಲ. ಪಾದ್ರಿ ಬಂದು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆಯನ್ನು ಹಣೆಗೆ ಹಚ್ಚಿ ಹೋದರು. ಅವತ್ತೇ ನಿಲೋ ಮನಸ್ಸು ಗಟ್ಟಿ ಮಾಡಿಕೊಂಡ. ಏನಾದರೂ ಆಗಲಿ, ವಾರಕ್ಕೊಮ್ಮೆ ದೋಣಿ ಹೊರಡಬೇಕು. ಅದು ನಿಂತರೆ ಮಾವ ಉಳಿಯುವುದಿಲ್ಲ.

“ಎಡಗಡೆ ಆಮೆ ಮೊಟ್ಟೆಯಿಡೋ ಮರಳು,” ನಿಲೋ ಪಾಠ ಒಪ್ಪಿಸಿದ. “ಮೇಲೆ ಕಡಲಹದ್ದಿನ ಗೂಡು.”

“ಯಾವ ದೇಶದವರೋ ಇವತ್ತು?” ಮುದುಕ ಕೇಳಿದ.

“ಕೊರಿಯಾದವರು ಮಾವ.”

“ಹೋದ ವಾರ ಜರ್ಮನಿಯವರು. ವಾವ್ ಅನ್ನೋದು ಮಾತ್ರ ಎಲ್ರದ್ದೂ ಒಂದೇ ತರ ಬಿಡಪ್ಪ.”

ನಿಲೋ ಕುತ್ತಿಗೆಯ ಬೆವರು ಒರೆಸಿಕೊಂಡ.

ಹಿಂದಿನ ಹಲಗೆಯ ಮೇಲೆ ಹೆಂಗಸೊಬ್ಬಳು ಬಾಯಿಗೆ ಟವೆಲ್ ಒತ್ತಿಕೊಂಡಿದ್ದಳು. ಭುಜ ಅದುರುತ್ತಿತ್ತು. ಪಕ್ಕದವನು ಬೆನ್ನು ಸವರಿದ. ಬಿಸಿಲಿಗೆ ಹಚ್ಚುವ ಕ್ರೀಮಿನ ಘಾಟು ದೋಣಿ ತುಂಬಿತ್ತು. ಎಂಟೂ ಜನ ಒಂದೇ ಬಾಟಲಿಯಿಂದ ಬಳಿದುಕೊಂಡಿದ್ದರು. ಆಚೆ ದಡದಲ್ಲಿ ಗಣಿಯವರು ಗುಡ್ಡವನ್ನು ಅಗೆಯುತ್ತಿದ್ದರು. ಕೆಮ್ಮಣ್ಣು ಕಲೆತ ನೀರಿನ ಬಣ್ಣದ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಮುದುಕ ಇನ್ನೂ ಎರಡು ಸಲ ಕೂಗಿದ. ಎರಡು ಸಲವೂ ಚಪ್ಪಾಳೆ. ಪ್ರತಿ ಕೂಗಿಗೂ ನಿಲೋ ಎಂಟು ಜನರ ಬಾಯಿಯನ್ನೇ ನೋಡುತ್ತಿದ್ದ. ಇದು ಇನ್ನೆಷ್ಟು ದಿನ ನಡೆದೀತು? ಒಬ್ಬರು ಬಾಯಿ ತಪ್ಪಿದರೂ ಮುದುಕ ಮತ್ತೆ ಗೋಡೆಗೆ ಮುಖ ಮಾಡುತ್ತಾನೆ. ಆಮೇಲೆ ಏಳುವುದಿಲ್ಲ.

ದಡ ಬಂತು. ಎಂಟು ಜನ ಮೊಣಕಾಲುದ್ದದ ನೀರಿಗೆ ಸದ್ದಿಲ್ಲದೆ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ತೆಂಗಿನ ಮರಗಳ ನಡುವೆ ಮರೆಯಾದರು. ನಿಲೋ ಮಾವನ ತೋಳು ಹಿಡಿದು ಇಳಿಸಿದ.

“ತುಂಬ ಖುಷಿಪಟ್ರು ಮಾವ. ಮುಂದಿನ ವಾರಕ್ಕೂ ಜನ ಇದಾರೆ.”

ಮುದುಕ ಅಳಿಯನ ಬೆನ್ನು ತಟ್ಟಿದ.

“ಮುಂದಿನ ವಾರ ನಿನ್ನ ಹೆಂಡ್ತಿನ ಮನೇಲೇ ಬಿಟ್ಟು ಬಾರೋ, ಕೆಮ್ಮು ತಡ್ಕೊಂಡು ತಡ್ಕೊಂಡೇ ಸಾಯ್ತಾಳೆ ನನ್ನ ಮಗಳು, ಡಾಲ್ಫಿನ್ ಒಂದೂ ಉಳಿದಿಲ್ಲದ ನೀರಲ್ಲಿ ನಿಮ್ಮ ಸಮಾಧಾನಕ್ಕೆ ನಾನು ಕೂಗೋ ಸುಳ್ಳಿಗೆ ಚಪ್ಪಾಳೆ ತಟ್ಟೋಕೆ ಅಕ್ಕಪಕ್ಕದ ಮನೆಯವರು ಏಳು ಜನ ಸಾಕು.”