ಅಲುಗದ ಗೆರೆ

"ಇಷ್ಟು ಶುದ್ಧವಾದ ಗೆರೆ ನಾನೆಲ್ಲೂ ನೋಡಿಲ್ಲ ಕಣ್ರೀ," ಎಂದರು ತಪಾಸಣೆಗೆ ಬಂದಿದ್ದ ನಿರ್ದೇಶಕರು, ಪರದೆಯಿಂದ ಕಣ್ಣು ಕೀಳದೆ. ಎಲ್ಲೋ ದೂರದ ಕಡಲಡಿಯಲ್ಲಿ ನೆಲ ನಡುಗಿ, ಆ ಅಲೆ ಭೂಮಿಯ ತಿರುಳನ್ನೇ ಹೊಕ್ಕು ಬಂದಿತ್ತು. ಈ ಮನೆಯ ನೆಲಮಾಳಿಗೆಯಲ್ಲಿದ್ದ ಭೂಕಂಪಮಾಪಕ ಯಂತ್ರ ಅದನ್ನು ಕೂದಲೆಳೆಯಷ್ಟೂ ತಪ್ಪದೆ ಹಿಡಿದಿತ್ತು. "ಬೇರೆ ಕಡೆ ಬರೀ ಗದ್ದಲ. ನಿಮ್ಮಲ್ಲಿ ಮಾತ್ರ ಹೇಗೆ?"

ಯಂತ್ರ ನೋಡಿಕೊಳ್ಳುತ್ತಿದ್ದ ಮನೆಯ ಯಜಮಾನ, ಗಂಡ, ಹಿಗ್ಗಿ ಹೀರೇಕಾಯಿಯಾದ. "ಶಿಸ್ತು ಸಾರ್. ಈ ಮನೇಲಿ ಯಾರೂ ಹೆಜ್ಜೆ ಸದ್ದು ಮಾಡಲ್ಲ."

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. ಮಗಳು ಪುಟ್ಟಿ ಹಗ್ಗ ಜಿಗಿದರೆ ಗೆರೆ ಕೆಡುತ್ತದೆಂದು ಗಂಡ ಅವಳ ಕೈಯಿಂದ ಹಗ್ಗ ಕಿತ್ತುಕೊಂಡದ್ದಾಯಿತು, ಮೆಟ್ಟಿಲಲ್ಲಿ ಓಡಿದರೆ ಬೈದದ್ದಾಯಿತು, ಕಡೆಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಹಾಸ್ಟೆಲಿಗೆ ಅಟ್ಟಿದ್ದೂ ಆಯಿತು. ಈಗ ಕೆಲಸಕ್ಕೆ ಸೇರಿದ ಮಗಳು ರಜೆಗೂ ಈ ಹೊಸಿಲು ತುಳಿಯುವುದಿಲ್ಲ. ಕರೆದರೆ, "ಅಲ್ಲಿ ಉಸಿರು ಕಟ್ಟುತ್ತಮ್ಮ," ಎನ್ನುತ್ತಾಳೆ.

ಹೆಂಡತಿ ಟ್ರೇಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಆಮೇಲೆ ಕಾಲೆತ್ತಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ನೆಲಕ್ಕೆ ಅಪ್ಪಳಿಸಿದಳು.

ಪರದೆಯ ಗೆರೆ ಚಂಗನೆ ಎಗರಿತು. ಗಂಡ ತಿರುಗಿಯೂ ನೋಡಲಿಲ್ಲ. ಗೆರೆಯ ಮೇಲೇ ಕಣ್ಣಿಟ್ಟು, ಹಳೆಯ ರೂಢಿಯಲ್ಲೇ ಗದರಿದ: "ಪುಟ್ಟಿ, ಕುಣೀಬೇಡ ಅಂದಿದ್ನಲ್ಲ."