ಹುಳದ ಮನೆಗೆ ಬಂದ ಮೇಷ್ಟ್ರು

ಹಿಂದೆಮುಂದೆ ನೋಡದೆ ಕಾರಿನ ಬಾಗಿಲು ತೆಗೆದು, ಕೆಂಗಲ್ ಹತ್ತಿರ ಬಾಲರಾಜುವನ್ನು ಸ್ಕೂಟರ್ ಸಮೇತ ರಸ್ತೆಗೆ ಮಲಗಿಸಿದ್ದ ಮನುಷ್ಯ ಹದಿನಾಲ್ಕನೇ ದಿನ ಒಂದು ಚೀಲ ಮೂಸಂಬಿ ಹಿಡಿದುಕೊಂಡು ಮನೆ ಮುಂದೆ ಬಂದು ನಿಂತ. ಕಾಲಿಗೆ ಸಿಮೆಂಟ್ ಪಟ್ಟಿ ಹಾಕಿಸಿಕೊಂಡು ಜಗಲಿಯ ಮೇಲೆ ಬಿದ್ದಿದ್ದ ಬಾಲರಾಜುವಿಗೆ ಮೈಯೆಲ್ಲ ಉರಿದುಹೋಯಿತು. ಒಳಗೊಳಗೆ ಸಂತೋಷವೂ ಆಯಿತು. ಹದಿನಾಲ್ಕು ದಿನದಿಂದ ಅವನು ಮಾಡಿದ್ದ ಕೆಲಸವೆಂದರೆ ಇವನಿಗೆ ಬೈಯಬೇಕಾದ ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಟ್ಟುಕೊಂಡದ್ದು. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ಇಷ್ಟು ಶ್ರದ್ಧೆಯಿಂದ ಯಾವ ಪಾಠವನ್ನೂ ಉರು ಹೊಡೆದಿರಲಿಲ್ಲ.

“ಲೇ...” ಎಂದು ಶುರು ಮಾಡಿದ.

“ಮೆತ್ತಗೆ ಕಣ್ಲಾ,” ಅವನ ಅವ್ವ ಶಿವಲಿಂಗಮ್ಮ ಒಳಗಿನಿಂದ ಗದರಿದಳು. “ಹುಳ ಮೂರನೇ ಜ್ವರಕ್ಕೆ ಕುಂತವೆ. ಕೂಗಾಡಿ ಕೆಡಿಸ್ಬುಟ್ಟೀಯ.”

ರೇಷ್ಮೆ ಹುಳಗಳು ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಕೂರುವ ಈ ‘ಜ್ವರ’ದ ದಿನ ಆ ಮನೆಯಲ್ಲಿ ಯಾರೂ ದನಿ ಎತ್ತುವಂತಿಲ್ಲ. ಹಾಗಾಗಿ ಬಾಲರಾಜು ಪಿಸುಗುಡುತ್ತಲೇ ಬೈದ. ಪಿಸುದನಿಯಲ್ಲಿ ಬೈದರೆ ಎಂಥ ಬೈಗುಳವೂ ಊಟ ಆಯಿತಾ ಎಂದು ವಿಚಾರಿಸಿದ ಹಾಗೆ ಕೇಳಿಸುತ್ತದೆ ಎಂದು ಅವನಿಗೆ ಗೊತ್ತಾದದ್ದು ಅವತ್ತೇ. ಬಂದವನು ಗೌರವದಿಂದ ಬಗ್ಗಿ, ಕಿವಿಗೊಟ್ಟು, ಪೂರ್ತಿ ಕೇಳಿಸಿಕೊಂಡ.

“ತಪ್ಪು ನಂದೇ ಬಾಲರಾಜು. ನಾನು ಅನಂತರಾಜು ಅಂತ, ರಾಮನಗರದಲ್ಲಿ ಕಾಲೇಜ್ ಲೆಕ್ಚರರ್. ನನ್ನಿಂದ ಏನಾಗಬೇಕು ಹೇಳಪ್ಪ.”

“ಏನೂ ಆಗ್ಬೇಕಾಗಿಲ್ಲ. ಸ್ಟೇಷನ್‌ಗೆ ಕಂಪ್ಲೇಂಟ್ ಕೊಟ್ಟು ಒಳಗೆ ಹಾಕುಸ್ತೀನಿ.”

“ಅವರನ್ನ ಒಳಗೆ ಹಾಕುಸುದ್ರೆ ಹುಳಕ್ಕೆ ಸೊಪ್ಪು ಯಾರ್ಲಾ ಹಾಕ್ತಾರೆ?” ಶಿವಲಿಂಗಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಲೆಕ್ಚರರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೋಡಿ ಮೇಷ್ಟ್ರೇ, ನಾಳೆ ಹುಳ ಏಳ್ತವೆ. ಎದ್ದ ಮ್ಯಾಲೆ ಹೊತ್ತೊತ್ತಿಗೂ ಸೊಪ್ಪು ಬೇಕು, ಒಂದೊತ್ತು ತಪ್ಪುದ್ರೂ ಬೆಳೆ ಹೋಯ್ತು. ಕುಯ್ಯೋ ಮಗನ್ನ ನೀವು ಮಲಗಿಸ್ಬುಟ್ರಿ. ಆಳು ಕರೆಯಾನ ಅಂದ್ರೆ ಊರಲ್ಲಿ ಎಲ್ಲಾರ ಮನೇಲೂ ಹುಳ. ಬೆಳಗ್ಗೆ ಐದೂವರೆಗೆ ಬನ್ನಿ. ಈ ಸೆಂಟು ಹಾಕ್ಬ್ಯಾಡಿ, ಹುಳಕ್ಕೆ ಆಗಕ್ಕಿಲ್ಲ.”

ಅನಂತರಾಜು ಬಂದ. ಮಾರನೇ ದಿನವೂ ಬಂದ, ಅದರ ಮಾರನೇ ದಿನವೂ. ಬೆಳಗ್ಗೆ ಕಾಲೇಜಿಗೆ ಮುಂಚೆ ಒಂದು ಹೊತ್ತು, ಸಂಜೆ ಕಾಲೇಜು ಮುಗಿಸಿ ಒಂದು ಹೊತ್ತು. ಕೈಕಾಲು ತೊಳೆದು, ಇಸ್ತ್ರಿ ಪ್ಯಾಂಟು ಮಡಿಸಿ ಹಿಪ್ಪುನೇರಳೆ ಕಡ್ಡಿಯ ತೋಟಕ್ಕೆ ಇಳಿಯುತ್ತಿದ್ದ. ಜಗಲಿಯ ಮೇಲಿನಿಂದ ಬಾಲರಾಜು ಆಳುತ್ತಿದ್ದ. “ಬುಡಕ್ಕೆ ಹಾಕಿ ಸಾ ಕುಡುಗೋಲು. ಅದೇನು ಪೆನ್ನು ಹಿಡ್ದಂಗೆ ಹಿಡೀತೀರಾ.” ಜೋಡಿಸಿಟ್ಟಿದ್ದ ಬೈಗುಳವೆಲ್ಲ ಹೀಗೆ ಚಿಲ್ಲರೆಯಾಗಿ ಖರ್ಚಾಗಿ, ನಾಲ್ಕನೇ ದಿನಕ್ಕೆ ಬಾಲರಾಜುವಿನ ಹತ್ತಿರ ಸಿಟ್ಟು ಎಂಬುದೇ ಉಳಿಯಲಿಲ್ಲ. ಇದು ಅವನಿಗೆ ದೊಡ್ಡ ಅವಮಾನವಾಯಿತು. ಊರಲ್ಲಿ ಅವನಿಗೆ ಇದ್ದ ಹೆಸರೇ ಸಿಟ್ಟಿನದು.

ಇಪ್ಪತ್ತೊಂದನೇ ದಿನ ಚನ್ನಪಟ್ಟಣದಲ್ಲಿ ಪಟ್ಟಿ ಬಿಚ್ಚಿದರು. ಮೂಳೆಯ ಬಿರುಕು ಕೂಡಿಕೊಂಡಿದೆ, ಇನ್ನು ಹುಷಾರಾಗಿ ನಡೆದಾಡು ಎಂದರು ಡಾಕ್ಟರು. ಆಸ್ಪತ್ರೆ ಬಾಗಿಲಿಂದ ಆಟೋದವರೆಗೆ ಬಾಲರಾಜು ಎರಡು ಕಾಲಲ್ಲಿ ರಾಜನ ಹಾಗೆ ನಡೆದ. ಅವ್ವನ ಮುಖ ಮಾತ್ರ ಅಷ್ಟೇನೂ ಅರಳಲಿಲ್ಲ.

“ನಾಲ್ಕನೇ ಜ್ವರನೂ ನಾಳೆಗೆ ಮುಗೀತದೆ ಕಣ್ಲಾ,” ಎಂದಳು ಆಟೋದಲ್ಲಿ. “ಇನ್ನೊಂದು ವಾರ ಹುಳ ತಿನ್ನೋದು ಈಗಿನ ಮೂರರಷ್ಟು. ನೀನು ಕುಂಟ್ಕಂಡು ಕುಯ್ದು, ನಾನು ಹೊತ್ತು, ಆಯ್ತದಾ?”

“ಅದ್ಕೆ?”

“ಹುಳ ಹಣ್ಣಾಗಿ ಗೂಡು ಕಟ್ಟಾಕೆ ಏರೋಗಂಟ ಮೇಷ್ಟ್ರ ಮುಂದೆ ಕಾಲು ಊರ್ಬ್ಯಾಡ.”

ಬಾಲರಾಜು ಸಿಡಿದುಬಿದ್ದ. ನಾನೇನು ಮೋಸಗಾರನಾ, ಇಂಥ ನಾಟಕ ನನ್ನ ರಕ್ತದಲ್ಲೇ ಇಲ್ಲ, ಬೆಳೆ ಹೋದರೆ ಹೋಗಲಿ, ಮರ್ಯಾದೆ ಮುಖ್ಯ ಎಂದು ಊರು ಸೇರುವವರೆಗೂ ಕೂಗಾಡಿದ. ಹೋಗಿದ್ದ ಸಿಟ್ಟು ವಾಪಸು ಬಂದದ್ದು ಕಂಡು ಖುಷಿಯೂ ಆಯಿತು. ಮನೆ ಮುಂದೆ ಇಳಿದ. ಆಟೋದವನು ಹೋಗುವವರೆಗೆ ಕಾದ. ಆಮೇಲೆ ಜಗಲಿಗೆ ಹೋಗಿ ಮಲಗಿ, ಯಾರೂ ಹೇಳದಿದ್ದರೂ ತಾನೇ ಕಂಬಳಿಯನ್ನು ಸೊಂಟದವರೆಗೆ ಎಳೆದುಕೊಂಡ.

ಬೆಳಗ್ಗೆ ಐದೂವರೆಗೆ ಸರಿಯಾಗಿ ಅನಂತರಾಜು ಬಂದ. ಅಂಗೈ ಬೊಬ್ಬೆ ಬಂದು ಒಡೆದು ಒಣಗಿತ್ತು. ತೋಟಕ್ಕೆ ಹೋಗುವ ಮುಂಚೆ ಜಗಲಿಯ ಅಂಚಿಗೆ ಕೂತು, ಏನೋ ಹೇಳಲು ಹಿಂದೆಮುಂದೆ ನೋಡಿದ.

“ಕಾಲು ಹೇಗಿದೆ?”

“ಅಂಗೇ ಐತೆ ಸಾ. ಒಸಿ ಜಾಸ್ತೀನೇ ಅನ್ನಿ,” ಎಂದು ಬಾಲರಾಜು ಮುಲುಗಿದ. ಮುಲುಕು ಎಷ್ಟು ಚೆನ್ನಾಗಿ ಬಂತೆಂದರೆ ಅವನಿಗೇ ಪಾಪ ಅನ್ನಿಸಿತು.

“ಇನ್ನೊಂದು ವಾರ ಹುಳಕ್ಕೆ ಸೊಪ್ಪು ಜಾಸ್ತಿ ಬೇಕು ಅಂತ ಅಮ್ಮ ಹೇಳಿದ್ರು. ಅದಕ್ಕೆ ನಿನ್ನೆ ಕಾಲೇಜಿಗೆ ರಜಾ ಚೀಟಿ ಕೊಟ್ಟೆ, ಸೊಂಟನೋವು ಅಂತ ಬರೆದು.” ಅನಂತರಾಜು ದನಿ ತಗ್ಗಿಸಿದ. “ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ನಾನು ಸುಳ್ಳು ಹೇಳಿದ್ದು ಇದೇ ಮೊದಲು ಬಾಲರಾಜು. ಮನಸ್ಸಿಗೆ ಒಂಥರಾ ಆಗ್ತಿದೆ. ನಾನು ಮಾಡಿದ್ದು ತಪ್ಪು ಅನ್ಸುತ್ತಾ ನಿನಗೆ?”

ಬಾಲರಾಜು ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡ.

“ಸುಳ್ಳು ಹೇಳ್ಬಾರ್ದು ಸಾ,” ಎಂದ, ಕಂಬಳಿಯೊಳಗೆ ಕಾಲಿನ ಐದೂ ಬೆರಳನ್ನು ಅಲ್ಲಾಡದಂತೆ ಬಿಗಿಹಿಡಿದು.